ಜೋಳದ ಅಳ್ಳಿಗೆ 99 ರೂಪಾಯಿ ಕೊಟ್ಟು ತಿಂದ್ವಿ: ಹೊಸಾ "ಪ್ರೀಮಿಯಂ" ಸ್ನ್ಯಾಕ್ಸ್ ಬಗ್ಗೆ ಒಂದು ಹುಬ್ಬಳ್ಳಿ ರಿವ್ಯೂ

ಮೊದಲ ಹೇಳಿಬಿಡ್ತೀನ್ರಿ, ಇಲ್ಲಿ ಯಾವ ಕಂಪನಿ ಹೆಸರೂ ಬರಿಯಂಗಿಲ್ಲ. ಹೆದರಿಕಿ ಅಂತೇನಲ್ಲ, ನಾ ಹೇಳೂದು ಒಂದ ಕಂಪನಿ ಸುದ್ದಿ ಅಲ್ಲ, ಹೆಚ್ಚುಕಮ್ಮಿ ಎಲ್ಲಾರೂ ಹಂಗ ಮಾಡಾಕತ್ತಾರ. ಗೋಕುಲ ರೋಡ್, ವಿದ್ಯಾನಗರ, ಕೇಶ್ವಾಪುರ ಕಡೆ ಈಗ "ಹೆಲ್ದಿ ಸ್ನ್ಯಾಕ್ಸ್" ಅಂತ ಬೋರ್ಡ್ ಹಾಕಿದ ಅಂಗಡಿ ಕಾಣಾಕತ್ತಾವಲ್ಲ, ಎಸಿ, ಹಳದಿ ಲೈಟು, ಕಟಗಿ ರ‍್ಯಾಕು, ಒಳಗ ಮಖಾನಾ ಅನ್ನೋ ಅರಳಿಸಿದ ಬೀಜ, ನವಣಿ ಪಫ್ಸ್, ಕ್ವಿನೋವಾ ಅನ್ನೋ ಕಾಳಿನ ಕ್ರ್ಯಾಕರ್, ಬೆಂಡಿಕಾಯಿ ಚಿಪ್ಸ್, ಹಲಸಿನ ಚಿಪ್ಸ್, ಸ್ಪಿರುಲಿನಾ ಹಾಕಿದ ಹಸಿರು ಬಿಸ್ಕೀಟು, ಪ್ರೋಟೀನ್ ಬಾರ್. ಅಂಥಾ ಒಂದು ಅಂಗಡ್ಯಾಗಿಂದ ಒಂದಿಷ್ಟು, ಮೊಬೈಲ್‌ನ್ಯಾಗ ಆರ್ಡರ್ ಮಾಡಿ ಒಂದಿಷ್ಟು ತರಿಸಿ ಈ ಮಳಿಗಾಲ ಪೂರ್ತಿ ಸಂಜಿ ಚಾದ ಹೊತ್ತಿಗೆ ನಮ್ಮ ಮನ್ಯಾಗ ಇದ ನಡದೈತಿ.

ತಿಂದು ಹೇಳಾವ್ರು ಯಾರ‍್ಯಾರಂದ್ರ, ನಮ್ಮ ಅತ್ತಿ, ನವಲಗುಂದ ಕಡೆಯವರು, ಎರಿ ಹೊಲದ ಜೋಳ ತಿಂದು ಬೆಳದ ಮಂದಿ, ಬಾಯಿಗೆ ಸುಳ್ಳು ಹೇಳಾಕ ಬರಂಗಿಲ್ಲ ಅವರಿಗೆ. ನಮ್ಮ ಯಜಮಾನ್ರು, ಸವಣೂರ ಖಾರಾ (ಕುರುಕಲ ತಿನಿಸು) ಬಿಟ್ಟು ಜಗತ್ತಿನ್ಯಾಗ ಬ್ಯಾರೆ ಖಾರಾನ ಇಲ್ಲ ಅನ್ನಾವ್ರು. ಮಗ ಐದನೇತ್ತೆ, ಪಾಕೀಟು ಕಂಡ್ರ ಸಾಕು. ಮತ್ತ ನಾ, ಪಾಕೀಟಿನ ಹಿಂದ ಸಣ್ಣ ಅಕ್ಷರ ಓದೋ ಚಟ ಇರಾಕಿ.

ನಂದು ತಕರಾರು ಒಂದ ಐತಿ, ಅದನ್ನ ಈಗ ಹೇಳಿ ಮುಂದ ಹೋಗ್ತೀನಿ. ಯಾವ ಪದಾರ್ಥದ ಹೆಸರಿನ ಮ್ಯಾಲೆ ನಮ್ಮ ಕಡೆ ರೊಕ್ಕ ತಗೋತಾರ, ಅದರ ರುಚಿ ಬಾಯಾಗ ಬರಬೇಕೋ ಬ್ಯಾಡೋ? ಮೆಂತೆ ಚಪಾತಿ ಅಂದ್ರ ಮೆಂತೆ ಸಿಗಬೇಕು ಅಷ್ಟ. ಈ ಪಾಕೀಟಿನೊಳಗ ಮುಕ್ಕಾಲು ಪಾಲು ಮಾಲು ಹೆಂಗಂದ್ರ, ಪದಾರ್ಥ ಮುಂದ ಫೋಟೋದಾಗ ಐತಿ, ಬಾಯಾಗಿಲ್ಲ.

ಜೋಳದ ಅಳ್ಳಿಂದ ಶುರು ಮಾಡ್ತೀನಿ, ಯಾಕಂದ್ರ ನನ್ನ ಸಿಟ್ಟೂ ಪ್ರೀತಿನೂ ಅದರ ಮ್ಯಾಲ ಜಾಸ್ತಿ. ಪಾಕೀಟಿನ ಮ್ಯಾಲೆ "ಪಾಪ್ಡ್ ಸೋರ್ಗಮ್, ಏನ್ಶಿಯಂಟ್ ಗ್ರೇನ್, ಸೂಪರ್‌ಫುಡ್" ಅಂತ ಬರದಾರ. 40 ಗ್ರಾಂ, 99 ರೂಪಾಯಿ. ಕಿಲೋ ಲೆಕ್ಕಕ್ಕ ತಗೊಂಡ್ರ ಎರಡೂವರಿ ಸಾವಿರದ ಹತ್ರ ಬರ್ತೈತಿ, ಜೋಳ ನಮ್ಮ ಕಿರಾಣಿ ಅಂಗಡ್ಯಾಗ ಕಿಲೋಕ್ಕ ಐವತ್ತು ಅರವತ್ತರ ಸುತ್ತಮುತ್ತ ಸಿಗ್ತೈತಿ. ಅತ್ತಿ ಕೈಯಾಗ ಒಂದು ಹಿಡಿ ಹಾಕ್ದೆ, ತಿಂದ್ರು, ಕೈ ಬಿಚ್ಚಿ ನೋಡಿದ್ರು, "ಅಯ್ಯ, ಇದು ಪಂಚಮಿ ಅಳ್ಳಲ್ಲೇನ್ವಾ? ಇದಕ್ಕ್ಯಾಕ ಇಷ್ಟು ಖಾರಪುಡಿ ಬಡದಾರ?" ಅಂದ್ರು. ಅಷ್ಟ ರಿವ್ಯೂ, ಮುಂದ ನಾ ಏನು ಬರದ್ರೂ ಅದರ ವಿಸ್ತಾರ.

ನಾಗರ ಪಂಚಮಿ ಬಂತಂದ್ರ ನಮ್ಮ ಕಡೆ ಮನಿಮನ್ಯಾಗ ಅಳ್ಳು, ತಂಬಿಟ್ಟು, ಥರಾವರಿ ಉಂಡಿ, ಜೋಕಾಲಿ. ಅಳ್ಳು ಅಂದ್ರ ಹುರದು ಅರಳಿಸಿದ ಜೋಳನ ಮತ್ತ. ಅದಕ್ಕ ಬಳ್ಳೊಳ್ಳಿ, ಕರಿಬೇವು, ಪುಟಾಣಿ, ಒಣಾ ಕೊಬ್ರಿ ಹಾಕಿ ಒಗ್ಗರಣಿ ಕೊಟ್ರ ಚಾಕ್ಕ ಅದರಂಥಾದ್ದು ಇಲ್ಲ. ಹಂಗಂತ ಯಾವ ಜೋಳ ಹಾಕಿದ್ರೂ ಅರಳೂದಿಲ್ಲ ಮತ್ತ. ರೊಟ್ಟಿ ಮಾಡೋ ಮಾಲದಂಡಿ ಜೋಳ ಕಾದ ಬಾಂಡಲಿಗೆ ಹಾಕಿದ್ರ ಒಂದಿಷ್ಟು ಸಿಡೀತಾವ, ಉಳದಾವು ಸುಟ್ಟು ಕರಕಾಗ್ತಾವ. ಅಳ್ಳಿಗೆ ಬ್ಯಾರೆ ಜೋಳ ಬೇಕು, ಕಾಳು ಸಣ್ಣದು, ಒಳಗ ಗಟ್ಟಿ. ಕಾಳಿನೊಳಗಿನ ಪಸಿ ಉಗಿ ಆಗಿ ಒತ್ತಿ ಒತ್ತಿ ಸಿಪ್ಪಿ ಒಡದು ಹೊರಗ ಬರಬೇಕು, ಸಿಪ್ಪಿ ಮೆತ್ತಗಿದ್ರ ಉಗಿ ಹಂಗ ಸೋರಿ ಹೋಗ್ತೈತಿ, ಕಾಳು ಅಲ್ಲೇ ಕುಂದರ್ತೈತಿ. ಅದಕ್ಕ ಕಾಳು ಆರಿಸೂದು, ಅರಳದ ಕಾಳು ಸಾಣಿಸಿ ತಗಿಯೂದು, ಈ ಕೆಲಸಕ್ಕ ರೊಕ್ಕ ಬೀಳ್ತೈತಿ, ಒಪ್ಪತೀನಿ. ಪಾಕೀಟಿನ ಅಳ್ಳು ಖರೇನ ಛಂದ ಅರಳಿದ್ವು, ಕೆಳಗ ಅರಳದ ಕಾಳು ಒಂದೂ ಇರಲಿಲ್ಲ. ಮೆಕ್ಕಿಜೋಳದ ಪಾಪ್‌ಕಾರ್ನ್ ಹಂಗ ಹಲ್ಲಿನ ಸಂದ್ಯಾಗ ಸಿಪ್ಪಿ ಸಿಗೂದೂ ಕಡಿಮಿ.

ಆದ್ರ ಪೆರಿ ಪೆರಿ! ಈ ಪೆರಿ ಪೆರಿ ಅನ್ನೋ ಖಾರದ ಮಸಾಲಿ ಪುಡಿ ಕಂಡ ಹಿಡದಾವ್ರಿಗೆ ಕೈ ಮುಗೀಬೇಕು. ಜೋಳಕ್ಕ ಅದ, ಮಖಾನಾಕ್ಕ ಅದ, ಕಡ್ಲಿಗೆ ಅದ, ಹಲಸಿಗೆ ಅದ. ಕಣ್ಣು ಮುಚ್ಚಿ ಕೂಡಿಸಿ ಒಂದೊಂದ ಬಾಯಾಗ ಹಾಕಿದ್ರ ಮಗನಿಗೆ ಯಾವುದು ಏನಂತ ಹೇಳಾಕ ಬರಲಿಲ್ಲ, ಕಚ್ಚಿದಾಗ ಬರೋ ಸಪ್ಪಳ ಕೇಳಿ ಗುರುತು ಹಿಡದ. ಚೀಸ್ ಅಂಡ್ ಹರ್ಬ್ಸ್ ಅಂತ ಇನ್ನೊಂದು, ಅದರಾಗ ಹಾಲಿನ ಪುಡಿ ವಾಸನಿ ಬಿಟ್ರ ಏನಿಲ್ಲ. ಅದ ಕಂಪನಿದು ಬರೇ ಉಪ್ಪು, ಕರಿ ಮೆಣಸು ಹಾಕಿದ್ದು ಒಂದು ಐತಿ, ರ‍್ಯಾಕಿನ ಅಗದಿ ಕೆಳಗಿನ ಸಾಲಿನ್ಯಾಗ ಧೂಳು ಹಿಡದು ಕುಂತಿತ್ತು, ಅದನ್ನ ತಂದು ತಿಂದ್ರ ಆಹಾ, ಹುರದ ಜೋಳದ ಘಮಾ ಮೂಗಿಗೆ ಬಂತು. ಅತ್ತಿ ಎರಡನೇ ಸಲಾ ಕೈ ಚಾಚಿದ್ದು ಅದಕ್ಕೊಂದಕ್ಕ. ರೇಟು ಅದ 99, ಅದು ಬ್ಯಾರೆ ಮಾತು.

ಅಂಗಡಿ ಹುಡುಗ ಭಾಳ ಛಲೋ ಹುಡುಗ, ಪಾಪ, ಅವಂಗ ಯಾರೋ ಟ್ರೇನಿಂಗ್ ಕೊಟ್ಟಾರ. "ಅಕ್ಕಾರ, ಇದು ಗ್ಲುಟೆನ್ ಫ್ರೀ" ಅಂದ ಜೋಳದ ಪಾಕೀಟು ತೋರಿಸಿ. ತಮ್ಮಾ, ಜೋಳದಾಗ ಗ್ಲುಟೆನ್ ಯಾವಾಗಿತ್ತೋ, ಹಿಟ್ಟಿಗೆ ಜಿಗಿ ಕೊಡೋ ಪ್ರೋಟೀನ್ ಅದು, ಇರೂದು ಗೋದಿಯೊಳಗ, ಜವಿಯೊಳಗ. ಜೋಳ, ನವಣಿ, ಸಾವಿ, ರಾಗಿ, ಅಕ್ಕಿ ಹುಟ್ಟಿಂದ್ಲೇ ಗ್ಲುಟೆನ್ ಇಲ್ಲದ್ವು. ಇಲ್ಲದ್ದನ್ನ ತಗದೀವಿ ಅಂತ ಅದಕ್ಕ ರೇಟು ಹಾಕಿದ್ರ ಹೆಂಗ? ಹುಡುಗ ನಕ್ಕ, "ಅಕ್ಕಾರ, ಮಂದಿ ಅದನ್ನ ಕೇಳಿ ತಗೋತಾರ್ರಿ" ಅಂದ. ಅದೂ ಖರೇನ.

ಈಗ ನವಣಿ ಪಫ್ಸ್. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ವಿಶ್ವಸಂಸ್ಥೆ ಸಾರಿದ್ದು ನೆನಪಿರಬೇಕಲ್ಲ, ಭಾರತದ್ದ ಪ್ರಸ್ತಾವ ಅದು. ಅದಾದ ಮ್ಯಾಲೆ ಎಲ್ಲಾ ಕಂಪನಿಯವ್ರಿಗೂ ನವಣಿ, ಸಾವಿ, ಊದಲು, ಕೊರಲೆ ಹೆಸರು ಬಾಯಿಪಾಠ ಆಗ್ಯಾವ. ನಮ್ಮ ಧಾರವಾಡ, ಗದಗ, ಹಾವೇರಿ ಕಡೆ ಸಾವಿ, ನವಣಿ ಬೆಳೆಯೂದು ಹೊಸಾದೇನಲ್ಲ, ನವಣಿ ಅನ್ನ, ಸಾವಿ ಅನ್ನ ಉಂಡ ಹಿರೇರು ಎಲ್ಲಾರ ಮನ್ಯಾಗೂ ಅದಾರ. ಪಾಕೀಟಿನ ಮುಂದ ದೊಡ್ಡ ನವಣಿ ತೆನಿ ಚಿತ್ರ. ಹಿಂದ ತಿರುವಿ ನೋಡಿದ್ರ: ಅಕ್ಕಿ ಹಿಟ್ಟು, ಮೆಕ್ಕಿಜೋಳದ ರವಾ, ಪಾಮೋಲಿನ್ ಎಣ್ಣಿ, ಮಸಾಲಿ, ಆಮ್ಯಾಲೆ ನವಣಿ ಹಿಟ್ಟು ನೂರಕ್ಕ 8. ಎಂಟ್ರೀ!

ಇಲ್ಲಿ ಸ್ವಲ್ಪ ನಿಂದರ್ರಿ, ಇದು ಎಲ್ಲಾ ಪಾಕೀಟಿಗೂ ಉಪಯೋಗ ಬೀಳ್ತೈತಿ. ಎಫ್‌ಎಸ್‌ಎಸ್‌ಎಐ, ಅಂದ್ರ ಸರಕಾರದ ಆಹಾರ ಸುರಕ್ಷತಾ ಪ್ರಾಧಿಕಾರದ ರೂಲ್ ಪ್ರಕಾರ ಪದಾರ್ಥದ ಪಟ್ಟಿ ತೂಕದ ಲೆಕ್ಕಕ್ಕ ಬರೀಬೇಕು, ಜಾಸ್ತಿ ಇದ್ದದ್ದು ಮೊದಲ, ಕಡಿಮಿ ಇದ್ದದ್ದು ಕಡೀಕ. ಮತ್ತ ಯಾವ ಪದಾರ್ಥ ಮುಂದ ಚಿತ್ರಾ ಹಾಕಿ ಮೆರಸ್ತಾರ, ಅದು ನೂರಕ್ಕ ಎಷ್ಟು ಐತಿ ಅನ್ನೂದನ್ನೂ ಹಾಕಬೇಕು. ಅಂದ್ರ ಸುಳ್ಳು ಹೇಳಿಲ್ಲ ಅವರು, ಖರೇನ ಹೇಳ್ಯಾರ, ಆದ್ರ ಇರಬಿ ಸೈಜಿನ ಅಕ್ಷರದಾಗ ಹೇಳ್ಯಾರ. ನಾ ಈಗ ಅಂಗಡ್ಯಾಗ ಮೊದಲ ಮೂರು ಹೆಸರು ಓದ್ತೀನಿ, ಅದರಾಗ ಮುಂದಿನ ಚಿತ್ರದ ಪದಾರ್ಥ ಇಲ್ಲಂದ್ರ ಪಾಕೀಟು ವಾಪಸ್ ಇಡ್ತೀನಿ.

ಅಕ್ಕಿ, ಮೆಕ್ಕಿಜೋಳ ಯಾಕ ಹಾಕ್ತಾರಂದ್ರ, ಪಫ್ಸ್ ಮಾಡೂದು ಎಕ್ಸ್‌ಟ್ರೂಡರ್ ಅನ್ನೋ ಮಷಿನ್ಯಾಗ. ಹಿಟ್ಟನ್ನ ಬಿಸಿ ಮಾಡಿ, ಒತ್ತಡ ಹಾಕಿ, ಸಣ್ಣ ತೂತಿನ್ಯಾಗಿಂದ ಹೊರಗ ನೂಕತಾರ, ಹೊರಗ ಬಂದ ಕೂಡ್ಲೇ ಒತ್ತಡ ಇಳದು ಒಳಗಿನ ನೀರು ಉಗಿ ಆಗಿ ಉಬ್ಬತೈತಿ. ಪಿಷ್ಟ ಜಾಸ್ತಿ ಇರೋ ಅಕ್ಕಿ, ಮೆಕ್ಕಿಜೋಳ ಛಂದ ಉಬ್ಬತಾವ, ನಾರು ಜಾಸ್ತಿ ಇರೋ ಸಿರಿಧಾನ್ಯ ಹಂಗ ಉಬ್ಬೂದಿಲ್ಲ, ಗಟ್ಟಿ ಆಗ್ತೈತಿ. ಅದಕ್ಕ ಹೆಸರಿಗೆ ನವಣಿ, ಮೈಗೆ ಅಕ್ಕಿ. ಮತ್ತ ಹಿಂಗ ಉಬ್ಬಿಸಿದ ಪಿಷ್ಟ ಹೊಟ್ಟ್ಯಾಗ ಲಗೂನ ಸಕ್ಕರಿ ಆಗ್ತೈತಿ, ಶುಗರ್ ಇದ್ದಾವ್ರು "ಸಿರಿಧಾನ್ಯ ಅಲ್ಲೇನು" ಅಂತ ಕೈ ತುಂಬ ತಿನ್ನಬ್ಯಾಡ್ರಿ. ನವಣಿ ಅನ್ನದ ಕತಿನ ಬ್ಯಾರೆ, ನವಣಿ ಪಫ್ಸ್ ಕತಿನ ಬ್ಯಾರೆ. ರುಚಿ? ಟೊಮ್ಯಾಟೋ. ಹುಡುಗ್ರು ತಿಂತಾರ. ಮಗ ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ್ಯಾಗ ಬಿಚ್ಚಿದ್ದ ಒಂದು ಪಾಕೀಟು, ಆ ಗಿನ್ನೆಸ್ ದಾಖಲೆಯ 1507 ಮೀಟರ್ ಪ್ಲಾಟ್‌ಫಾರ್ಮ್ ಕಾಲು ಭಾಗ ದಾಟೂದ್ರಾಗ ಖಾಲಿ ಮಾಡಿ ಇನ್ನೊಂದು ಕೇಳಿದ. ಹೊಟ್ಟಿ ತುಂಬೂದಿಲ್ಲ ಅಂತ ಅರ್ಥ.

ಮಖಾನಾ ಸುದ್ದಿಗೆ ಬರೂಣು. ಇದು ಬಿಹಾರದ ಮಿಥಿಲಾ ಕಡೆ, ದರ್ಭಂಗಾ, ಮಧುಬನಿ ಜಿಲ್ಲಾದ ಕೆರಿಯೊಳಗ ಬೆಳೆಯೂದು. ಕೆರಿ ತಳದಾಗಿಂದ ಬೀಜ ಆರಿಸಿ ತಗದು, ಒಣಗಿಸಿ, ಹುರದು, ಬಿಸಿ ಇರೂಮುಂದ ಕಟಗಿಲೆ ಬಡದು ಅರಳಸ್ತಾರ, ಭಾಳ ಕಷ್ಟದ ಕೆಲಸ. 2022ರಾಗ ಮಿಥಿಲಾ ಮಖಾನಾಕ್ಕ ಜಿಐ ಟ್ಯಾಗ್, ಅಂದ್ರ ಆ ಸೀಮಿ ಮಾಲು ಅನ್ನೋ ಸರಕಾರಿ ಗುರುತು ಬಂತು, 2025ರ ಕೇಂದ್ರ ಬಜೆಟ್‌ನ್ಯಾಗ ಬಿಹಾರಕ್ಕ ಮಖಾನಾ ಬೋರ್ಡ್ ಅಂತ ಘೋಷಣಾ ಆತು. ಅಷ್ಟು ದೂರದಿಂದ, ಅಷ್ಟು ಕೈ ದಾಟಿ ಬರೋ ಮಾಲು ತುಟ್ಟಿ ಇರೂದು ಸಹಜ, ಅದಕ್ಕ ನನ್ನ ತಕರಾರಿಲ್ಲ.

ತಕರಾರು "ಹೈ ಪ್ರೋಟೀನ್" ಅನ್ನೂದಕ್ಕ. ಮಖಾನಾದಾಗ ನೂರು ಗ್ರಾಂಗೆ ಪ್ರೋಟೀನ್ 10 ಗ್ರಾಂ ಹತ್ರ, ಉಳದದ್ದು ಭಾಳಷ್ಟು ಪಿಷ್ಟ. ಪುಟಾಣ್ಯಾಗ 20 ಗ್ರಾಂ ಮ್ಯಾಲೆ, ಶೇಂಗಾದಾಗ 25ರ ಹತ್ರ. ಮತ್ತ ಮಖಾನಾ ನೂರು ಗ್ರಾಂ ಅಂದ್ರ ಎಷ್ಟು ದೊಡ್ಡ ಬುಟ್ಟಿ ಆಗ್ತೈತಿ ಗೊತ್ತೇನ್ರಿ, ಒಬ್ಬರು ಒಂದ ಸಲಕ್ಕ ತಿನ್ನೂದು 20 ಗ್ರಾಂ. ಅಂದ್ರ 2 ಗ್ರಾಂ ಪ್ರೋಟೀನ್. ಒಂದು ಮುಷ್ಟಿ ಶೇಂಗಾ ಅದಕ್ಕಿಂತ ಮೂರ್ನಾಕು ಪಟ್ಟು ಕೊಡ್ತೈತಿ. ಎಣ್ಣಿ ಕಡಿಮಿ, ಹೊಟ್ಟಿಗೆ ಹಗರ, ಅದಕ್ಕಂತ ತಿನ್ರಿ, ಪ್ರೋಟೀನ್ ಸಲುವಾಗಿ ಬ್ಯಾಡ. ಯಜಮಾನ್ರು ಒಂದು ಬಾಯಾಗ ಹಾಕ್ಕೊಂಡು "ಥರ್ಮಾಕೋಲ್ ಅಗದಂಗ ಆತಲೇ" ಅಂದ್ರು, ಅದು ಪುದೀನಾ ಫ್ಲೇವರಿಂದು, ಮೆತ್ತಗೂ ಆಗಿತ್ತು, ಅವರ ಮಾತು ತಪ್ಪಲ್ಲ.

ಆದ್ರ ಬಿಡಿ ಮಖಾನಾ ಡ್ರೈಫ್ರೂಟ್ಸ್ ಅಂಗಡ್ಯಾಗ ಪಾವ್ ಕಿಲೋ ತಗೊಂಡು ಬಂದು, ಸಣ್ಣ ಉರಿ ಮ್ಯಾಲೆ ಒಂದು ಚಮಚಾ ತುಪ್ಪದಾಗ ಕುರುಂ ಅನ್ನೂತನಾ ಹುರದು, ಉಪ್ಪು, ಚೂರು ಅರಿಷಿಣ, ಬ್ಯಾಡಗಿ ಖಾರಪುಡಿ ಹಾಕಿದ್ರ ಎಲ್ಲಾ ಫ್ಲೇವರಿಗಿಂತ ಒಂದು ಕೈ ಮ್ಯಾಲ. ಬೆರಳಾಗ ಹಿಸುಕಿದ್ರ ಪುಡಿ ಆಗಬೇಕು, ಒತ್ತಿದಲ್ಲೆ ತಗ್ಗು ಬಿದ್ರ ಇನ್ನೂ ಹುರೀಬೇಕು ಅಂತ ಲೆಕ್ಕ. ಯಜಮಾನ್ರು ಅದನ್ನ ಸುಮ್ಮನ ತಿಂದ್ರು, ಹೊಗಳಲಿಲ್ಲ, ಆದ್ರ ಡಬ್ಬಿ ಖಾಲಿ.

ಬ್ಯಾಡಗಿ ಅಂದ್ನಲ್ಲ, "ಬ್ಯಾಡಗಿ ಚಿಲ್ಲಿ ರಾಗಿ ಚಿಪ್ಸ್" ಅಂತ ಒಂದು ಪಾಕೀಟು ಸಿಕ್ತು, ನಮ್ಮ ಹಾವೇರಿ ಜಿಲ್ಲಾದ ಹೆಸರು ನೋಡಿ ಖುಷಿಲೆ ತಗೊಂಡೆ. ತಿಂದ್ರ ನಾಲಿಗಿ ಸುಟ್ಟು ಕಣ್ಣಾಗ ನೀರು ಬಂತು. ಈಗ ನೀವ ಹೇಳ್ರಿ, ಬ್ಯಾಡಗಿ ಮೆಣಸಿನಕಾಯಿ ಖಾರಕ್ಕ ಹೆಸರಾತೋ ಬಣ್ಣಕ್ಕ ಹೆಸರಾತೋ? ಡಬ್ಬಿ ಜಾತಿದಿರಲಿ, ಕಡ್ಡಿ ಜಾತಿದಿರಲಿ, ಸಾರಿಗೆ ಹಾಕಿದ್ರ ಕೆಂಪಗ ಕಾಣ್ತೈತಿ, ಘಮಾ ಬರ್ತೈತಿ, ಬಾಯಿ ಉರಿಯಂಗಿಲ್ಲ, ಅದಕ್ಕ 2011ರಾಗ ಜಿಐ ಟ್ಯಾಗ್ ಸಿಕ್ತು, ಅದಕ್ಕ ಬಣ್ಣ ತಗಿಯೋ ಓಲಿಯೋರೆಸಿನ್ ಫ್ಯಾಕ್ಟರಿಯವ್ರು ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಸಾಲು ಹಚ್ತಾರ. ಪಾಕೀಟಿನ ಹಿಂದ ಬರೇ "ಮೆಣಸಿನಕಾಯಿ ಪುಡಿ" ಅಂತ ಇತ್ತು, ಯಾವ ಮೆಣಸಿನಕಾಯಿ ಅಂತಿಲ್ಲ, ಮತ್ತ ಬಣ್ಣಕ್ಕ ಐಎನ್‌ಎಸ್ 160ಸಿ, ಅಂದ್ರ ಪ್ಯಾಪ್ರಿಕಾ ಓಲಿಯೋರೆಸಿನ್, ಮೆಣಸಿನಕಾಯಿಂದ ತಗದ ಬಣ್ಣ. ಒಳಗ ಬ್ಯಾಡಗಿ ಎಷ್ಟಿತ್ತೋ, ಬಾಯಿ ಸುಟ್ಟದ್ದಂತೂ ಬ್ಯಾರೆ ಯಾವುದೋ ಖಾರದ್ದ. ಬೆಂಗಳೂರು, ಮುಂಬೈದಾಗ ಕುಂತು "ಬ್ಯಾಡಗಿ" ಅಂದ್ರ ಖಾರ ಅಂತ ತಿಳಕೊಂಡು ಫ್ಲೇವರ್ ಮಾಡ್ಯಾರ, ಹಾವೇರಿಯವ್ರಿಗೆ ಯಾರೂ ಕೇಳಿಲ್ಲ. ರಾಗಿ ಚಿಪ್ಸ್ ಮಾತ್ರ ತೆಳ್ಳಗ, ಕುರುಕುಲ, ಉಪ್ಪಿಂದ ಬಂದ್ರ ಇನ್ನೊಮ್ಮಿ ತರ್ತೀನಿ. ರಾಗಿ ಇದರಾಗ ಪಟ್ಟಿಯೊಳಗ ಮೊದಲನೇ ಹೆಸರು, ಅದನ್ನ ಮೆಚ್ಚಬೇಕು.

ಬೆಂಡಿಕಾಯಿ ಚಿಪ್ಸ್ ಒಂದು ಆಶ್ಚರ್ಯ. ಇಡೀ ಬೆಂಡಿಕಾಯಿ, ಹಸಿರು ಹಂಗ ಉಳದೈತಿ, ಬಾಯಾಗ ಇಟ್ರ ಪುಡಿಪುಡಿ. ಪಲ್ಯಾ ಮಾಡಿದ್ರ ಲೋಳಿ ಲೋಳಿ ಅಂತ ತಾಟಿನ ಬದೀಕ ನೂಕೋ ಮಗ ಇದನ್ನ ಬಡಿದಾಡಿ ತಿಂದ. ಇದನ್ನ ವ್ಯಾಕ್ಯೂಮ್ ಫ್ರೈ ಅಂತಾರ, ಗಾಳಿ ತಗದ ಪಾತ್ರೆಯೊಳಗ ಕರಿಯೂದು, ಒತ್ತಡ ಕಡಿಮಿ ಇದ್ರ ನೀರು ಕಡಿಮಿ ಬಿಸಿಗೇನ ಉಗಿ ಆಗಿ ಹೋಗ್ತೈತಿ, ನಾವು ಮನ್ಯಾಗ ಕರಿಯೂವಾಗ ಎಣ್ಣಿ 170-180 ಡಿಗ್ರಿ ತನಾ ಕಾಯ್ತೈತಿ, ಅಲ್ಲಿ ಅಷ್ಟು ಕಾಸೂದು ಬ್ಯಾಡ, ಅದಕ್ಕ ಬಣ್ಣಾ ಕೆಡೂದಿಲ್ಲ, ಕರಕ್ ಆಗೂದಿಲ್ಲ. ಆದ್ರ ಅಂಗಡ್ಯಾಗ "ಇದು ಕರದದ್ದಲ್ಲ" ಅಂತ ಹೇಳಿದ್ರ ನಂಬಬ್ಯಾಡ್ರಿ, ಇದೂ ಎಣ್ಣ್ಯಾಗ ಕರದದ್ದ. ನಮ್ಮ ಪಾಕೀಟಿನ್ಯಾಗ ನೂರು ಗ್ರಾಂಗೆ 25 ಗ್ರಾಂ ಮ್ಯಾಲೆ ಕೊಬ್ಬು ಅಂತ ಬರದಿತ್ತು, ಬೆಂಡಿಕಾಯಿಗೆ ತನ್ನ ಕೊಬ್ಬು ಎಲ್ಲಿಂದ ಬರಬೇಕು, ಅಷ್ಟೂ ಎಣ್ಣಿನ. ಆಲೂ ಚಿಪ್ಸಿಗಿಂತ ಸ್ವಲ್ಪ ಕಡಿಮಿ, ಅಷ್ಟ. ಕಾಯಿಪಲ್ಲೆ ತಿಂದಂಗ ಆತು ಅಂತ ಸಮಾಧಾನ ಮಾಡ್ಕೊಳ್ಳಾಕ ಬರಂಗಿಲ್ಲ. ಖರೇ ಹೇಳ್ಬೇಕಂದ್ರ ರುಚಿಗೆ ಮಾತ್ರ ನಾ ಫುಲ್ ಮಾರ್ಕ್ಸ್ ಕೊಡ್ತೀನಿ, ಇಲ್ಲಿ ಬೆಂಡಿಕಾಯಿ ತಿಂದ್ರ ಬೆಂಡಿಕಾಯಿ ಗೊತ್ತಾಗ್ತೈತಿ.

ಹಲಸಿಂದೂ ಛಲೋ, ಆದ್ರ ಅದು ನಮಗೇನು ಹೊಸಾದು? ಶಿರಸಿ ಕಡೆ ಹೋಗಿ ಬರೋ ಯಾರಿಗರ ಹೇಳಿದ್ರ ಹಲಸಿನಕಾಯಿ ಚಿಪ್ಸ್ ತಂದುಕೊಡ್ತಾರ, ಅರ್ಧಾ ರೇಟಿನ್ಯಾಗ, ಕೊಬ್ರಿ ಎಣ್ಣಿ ಘಮದ ಕೂಡ.

ಕ್ವಿನೋವಾ ಕ್ರ್ಯಾಕರ್ ಬಗ್ಗೆ ಹೇಳೂದು ಕಡಿಮಿ. ಒಣಾ ಒಣಾ, ನೀರು ಬೇಕು. ಮೂರನೇ ಹೆಸರು ಮೈದಾ, ಕ್ವಿನೋವಾ ಆರನೇದು. ಸ್ಪಿರುಲಿನಾ ಬಿಸ್ಕೀಟು ಕೆರಿ ನೀರಿನ ವಾಸನಿ ಹೊಡೀತು, ಮಗ ಮೂಗು ಮುಚ್ಚಿಕೊಂಡ. ಅದು ಪಾಚಿ ಜಾತಿದು, ಪೌಷ್ಟಿಕ ಅನ್ನೂದು ಸುಳ್ಳಲ್ಲ, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐದವ್ರು ಅದನ್ನ ಹಾಕಿ ಶೇಂಗಾ ಚಿಕ್ಕಿ ಮಾಡೂದು ತೋರಿಸಿಕೊಟ್ಟಾರ, ಬೆಲ್ಲ ಶೇಂಗಾದ ಕೂಡ ಆದ್ರ ವಾಸನಿ ಮುಚ್ಚಿ ಹೋಗ್ತೈತಿ. ಬಿಸ್ಕೀಟಿನ್ಯಾಗ ಮುಚ್ಚಿಲ್ಲ.

ಇನ್ನು ಪ್ರೋಟೀನ್ ಬಾರ್. ಇದರ ಬಗ್ಗೆ ನಮ್ಮ ಮನ್ಯಾಗ ಜಗಳಾನ ಆತು. ಯಜಮಾನ್ರು ಜಿಮ್ಮಿಗೆ ಹಚ್ಚ್ಯಾರ, ಸಂಜಿಕ ಒಂದು ಬಾರ್ ತಿಂತೀನಿ ಅಂದ್ರು, 60 ಗ್ರಾಂದ್ದು ಒಂದಕ್ಕ 120 ರೂಪಾಯಿ. 20 ಗ್ರಾಂ ಪ್ರೋಟೀನ್ ಐತಿ, ಅದು ಖರೇ, ಹಾಲಿನ ವ್ಹೇ ಮತ್ತ ಸೋಯಾದ ಪುಡಿ ಹಾಕಿರ್ತಾರ. "ನೋ ಆ್ಯಡೆಡ್ ಶುಗರ್" ಅಂತನೂ ಬರದಾರ, ಹಂಗಾದ್ರ ಸಿಹಿ ಎಲ್ಲಿಂದ ಬಂತು? ಮಾಲ್ಟಿಟಾಲ್. ಇದು ಸಕ್ಕರಿ ಬದಲಿಗೆ ಹಾಕೋ ಸಿಹಿ, ಪಾಲಿಯೋಲ್ ಅಂತಾರ, ಜಾಸ್ತಿ ತಿಂದ್ರ ಹೊಟ್ಟಿ ಉಬ್ಬರಸ್ತೈತಿ, ಭೇದಿನೂ ಆಗ್ತೈತಿ, ಹಂಗಂತ ಪಾಕೀಟಿನ ಮ್ಯಾಲೆ ಎಚ್ಚರಿಕಿ ಬರಿಯೂದು ಕಡ್ಡಾಯ, ಬರದೂ ಇತ್ತು. ಇವರು ಓದಲಿಲ್ಲ, ಒಂದ ಸಂಜಿಕ ಎರಡು ತಿಂದ್ರು. ಮುಂದಿಂದು ನಾ ಬರಿಯಂಗಿಲ್ಲ, ಮರುದಿನ ಚಿಗರಿ ಬಸ್ಸಿನ್ಯಾಗ ಧಾರವಾಡಕ್ಕ ಮೀಟಿಂಗಿಗೆ ಹೋಗೂದಿತ್ತು ಅವರಿಗೆ, ಹೋಗಲಿಲ್ಲ.

ಇನ್ನೊಂದು ಥರದ ಬಾರ್ ಐತಿ, ಖಜೂರ, ಬಾದಾಮಿ, ಗೋಡಂಬಿ ಅರದು ಒತ್ತಿದ್ದು. ಅತ್ತಿ ನೋಡಿ "ಕರದಂಟು ಮಾಡಾಕ ಹೋಗಿ ಅರ್ಧಕ್ಕ ಬಿಟ್ಟಾರೇನ್ವಾ" ಅಂದ್ರು. ಅಂಟು ಕರದು ಹಾಕಿಲ್ಲ, ಕೊಬ್ರಿ ಇಲ್ಲ, ಬೆಲ್ಲ ಇಲ್ಲ, ಏಲಕ್ಕಿ ಇಲ್ಲ. ಗೋಕಾಕದ್ದಿರಲಿ, ಅಮೀನಗಡದ್ದಿರಲಿ, ಹುಬ್ಬಳ್ಳಿಯೊಳಗ ಎಲ್ಲಾ ಕಡೆ ಸಿಗ್ತೈತಿ, ಅಷ್ಟ ರೊಕ್ಕಕ್ಕ ಅದರ ಮೂರು ಪಟ್ಟು ತೂಕ ಬರ್ತೈತಿ. ಹಂಗಂತ ಕರದಂಟು ತಿಂದ್ರ ತೂಕ ಇಳೀತೈತಿ ಅಂತ ನಾ ಹೇಳಾಕತ್ತಿಲ್ಲ, ಅದರಾಗೂ ಬೆಲ್ಲ ಭರಪೂರ. ಖಜೂರದಾಗೂ ಅರ್ಧಕ್ಕಿಂತ ಜಾಸ್ತಿ ಸಕ್ಕರಿನ ಇರ್ತೈತಿ, ಮ್ಯಾಲಿಂದ ಹಾಕಿಲ್ಲ ಅಂತ ಅಷ್ಟ ಲೆಕ್ಕ.

ರೇಟಿನ ಬಗ್ಗೆ ಒಂದೆರಡು ಮಾತು. ಈಗ ಪಾಕೀಟಿನ ಮ್ಯಾಲೆ ಎಂಆರ್‌ಪಿ ಬಾಜೂಕ ಒಂದು ಗ್ರಾಂಗೆ ಎಷ್ಟು ಅಂತನೂ ಹಾಕಿರ್ತಾರ, ಯೂನಿಟ್ ಸೇಲ್ ಪ್ರೈಸ್ ಅಂತ, ಅದನ್ನ ನೋಡ್ರಿ. 50 ರೂಪಾಯಿ ಪಾಕೀಟು ಸೋವಿ ಅನಸ್ತೈತಿ, ನೋಡಿದ್ರ ಒಳಗ 18 ಗ್ರಾಂ. ಇನ್ನೊಂದು "ಬರೇ 89 ಕ್ಯಾಲೊರಿ" ಅಂತ ಮುಂದ ದೊಡ್ಡದಾಗಿ ಬರದಿರ್ತಾರ, ಅದು 20 ಗ್ರಾಂ ಸರ್ವಿಂಗಿಗೆ, ಪಾಕೀಟಿನ್ಯಾಗ 60 ಗ್ರಾಂ ಇರ್ತೈತಿ, ಪಾಕೀಟು ಬಿಚ್ಚಿ ಮೂರನೇ ಒಂದು ಪಾಲು ತಿಂದು ಮಡಚಿ ಇಡೋ ಮನಶಾನ್ನ ನಾ ಇನ್ನೂ ನೋಡಿಲ್ಲ. ಉಪ್ಪೂ ಹಂಗ. ಒಂದು ಮಖಾನಾದಾಗ ನೂರು ಗ್ರಾಂಗೆ 900 ಮಿಲಿಗ್ರಾಂ ಸೋಡಿಯಂ ಇತ್ತು, ಇಡೀ ದಿನಕ್ಕ ಲೇಬಲ್ಲಿನ ಲೆಕ್ಕಾನ 2000. ಅತ್ತಿಗೆ ಬಿಪಿ, ಅದಕ್ಕ ಇದನ್ನ ನೋಡ್ಲೇಬೇಕು ನಾ. 2025ರ ಸೆಪ್ಟೆಂಬರ್ 22ರಿಂದ ಪಾಕೀಟಿನ ನಮಕೀನ್ ಮ್ಯಾಲಿನ ಜಿಎಸ್‌ಟಿ 12ರಿಂದ 5ಕ್ಕ ಇಳೀತಲ್ಲ, ಅಷ್ಟರಮಟ್ಟಿಗಾದ್ರೂ ರೇಟು ಇಳದಿರಬೇಕು, ಹಳೇ ಪಾಕೀಟು ಮನ್ಯಾಗಿದ್ರ ಹೋಲಿಸಿ ನೋಡ್ರಿ.

ಇಷ್ಟೆಲ್ಲಾ ಬೈದೆ, ಈಗ ಮನಸಿಗೆ ಬಂದದ್ದು ಹೇಳ್ತೀನಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕ ಹೋದಾಗ ಸ್ತ್ರೀಶಕ್ತಿ, ಸ್ವಸಹಾಯ ಸಂಘದ ಅಕ್ಕಾಗಳು ಸಿರಿಧಾನ್ಯದ ಚಕ್ಲಿ, ಉಂಡಿ, ಶಾವಿಗಿ ಇಟ್ಕೊಂಡು ಕುಂತಿರ್ತಾರ. ಅಲ್ಲಿಂದ ಸಾವಿ ಚಕ್ಲಿ, ನವಣಿ ಉಂಡಿ ತಂದಿದ್ದೆ. ಚಕ್ಲಿ ಮುರದ್ರ ಒಳಗ ಸಾವಿ ತರಿ ತರಿ ಕಾಣ್ತೈತಿ, ಅಜಿವಾನ, ಎಳ್ಳು, ಮತ್ತೇನಿಲ್ಲ. ಸಾವಿಗೆ ಒಂದು ಸಣ್ಣ ಮಣ್ಣಿನ ವಾಸನಿ ಇರ್ತೈತಿ ನೋಡ್ರಿ, ಉಂಡಾವ್ರಿಗೆ ಗೊತ್ತು, ಅದು ಚಕ್ಲಿಯೊಳಗೂ ಇತ್ತು. ಎಸಿ ಅಂಗಡಿಯ ಯಾವ ಪಾಕೀಟಿನ್ಯಾಗೂ ಅದು ನನಗ ಸಿಗಲಿಲ್ಲ. ನಮ್ಮ ಕುಂದಗೋಳ ತಾಲೂಕಿನ ತೀರ್ಥ ಅನ್ನೋ ಊರಿನ ಬೀಬಿ ಫಾತಿಮಾ ಸ್ವಸಹಾಯ ಸಂಘಕ್ಕ 2025ರಾಗ ವಿಶ್ವಸಂಸ್ಥೆಯ ಯುಎನ್‌ಡಿಪಿಯವ್ರು ಕೊಡೋ ಈಕ್ವೇಟರ್ ಪ್ರಶಸ್ತಿ ಬಂತು, ಬೀಜ ಬ್ಯಾಂಕ್ ನಡಸ್ತಾರ, ಸಿರಿಧಾನ್ಯ ಸಂಸ್ಕರಣಾ ಘಟಕ ಇಟ್ಟಾರ. ಹೊಟ್ಟು ಬಿಡಿಸೂದ ಸಿರಿಧಾನ್ಯದಾಗ ದೊಡ್ಡ ತ್ರಾಸು, ಮೊದಲ ಒಳ್ಳಿನ್ಯಾಗ ಕುಟ್ಟಿ ಕುಟ್ಟಿ ಹೆಣ್ಮಕ್ಕಳ ರಟ್ಟಿ ಬೀಳ್ತಿದ್ವು, ಊರಾಗ ಮಷಿನ್ ಬಂದ್ರ ಮಾತ್ರ ಬೆಳಿಯಾವ್ರಿಗೂ ತಿನ್ನಾವ್ರಿಗೂ ದಾರಿ. "ಏನ್ಶಿಯಂಟ್ ಗ್ರೇನ್" ಅಂತ ಬರಿಯಾವ್ರು ಈ ಮಂದಿಯ ಹೆಸರು ಒಂದು ಸಾಲು ಬರದ್ರ ನಾ 99 ಕೊಡಾಕ ತಯಾರ.

ಹಂಗಂತ ಅಕ್ಕಾಗಳ ಮಾಲಿಗೂ ಕೊರತಿ ಐತಿ. ಪ್ಲಾಸ್ಟಿಕ್ ಚೀಲಾ ತೆಳ್ಳಂದು, ಮೇಣಬತ್ತಿಲೆ ಸುಟ್ಟು ಸೀಲ್ ಮಾಡಿದ್ರು, ಮನಿಗೆ ಬರೂದ್ರಾಗ ಒಂದು ಬಿಚ್ಚಿತ್ತು, ಮಳಿಗಾಲಕ್ಕ ಚಕ್ಲಿ ಮೆತ್ತಗಾದ್ವು. ತಯಾರಾದ ತಾರೀಕು ಪೆನ್ನಿಲೆ ಬರದಿದ್ರು, ಅಳಿಸಿ ಹೋಗಿತ್ತು. ಶೇಂಗಾ ಎಣ್ಣ್ಯಾಗ ಕರದದ್ದು ತಡಾ ಆದ್ರ ಕಮಟು ವಾಸನಿ ಬರ್ತೈತಿ, ತಾರೀಕು ಬೇಕು. ತಗೊಂಡು ಬಂದ ಕೂಡ್ಲೇ ಸ್ಟೀಲ್ ಡಬ್ಬಿಗೆ ಹಾಕಿಡ್ರಿ, ವಾರ ಹತ್ತು ದಿನದಾಗ ತಿಂದು ಮುಗಸ್ರಿ, ನಮ್ಮ ಮನ್ಯಾಗ ಅಷ್ಟು ದಿನ ಉಳಿಯೂ ಪ್ರಶ್ನೆ ಬರಲಿಲ್ಲ ಅದು ಬಿಡ್ರಿ.

ಆಫೀಸಿನ್ಯಾಗ ಒಬ್ಬರು ಕೇಳಿದ್ರು, ದೀಪಾವಳಿಗೆ ಮಂದಿಗೆ ಕೊಡಾಕ ಇಂಥಾ ಸ್ನ್ಯಾಕ್ಸ್ ಗಿಫ್ಟ್ ಬಾಕ್ಸ್ ತಗೊಳ್ಳೂಣೇನು ಅಂತ. ಅದನ್ನೂ ನೋಡೀನಿ ನಾ. 899 ರೂಪಾಯಿ, ಒಳಗ 30 ಗ್ರಾಂದ್ದು ಆರು ಪಾಕೀಟು, 180 ಗ್ರಾಂ ಆತು, ಕಿಲೋಕ್ಕ ಹತ್ರ ಹತ್ರ ಐದು ಸಾವಿರ. ಆರರಾಗ ಮೂರು ಪೆರಿ ಪೆರಿ. ಕೊಟ್ಟಾವ್ರ ಮಾನ ಉಳಿಸೋ ಸಲುವಾಗಿ ಬಾಕ್ಸ್ ಮಾತ್ರ ಭಾಳ ಗಟ್ಟಿ ಮಾಡ್ಯಾರ, ಬಂಗಾರದ ಬಣ್ಣದ್ದು, ಮ್ಯಾಗ್ನೆಟ್ ಮುಚ್ಚಳಾ. ಹೋದ ವರ್ಷ ನಮಗೊಬ್ಬರು ಕೊಟ್ಟಿದ್ದ ಬಾಕ್ಸಿನ್ಯಾಗ ಅತ್ತಿ ಈಗ ಬಿಪಿ ಗುಳಗಿ ಇಟ್ಕೊಂಡಾರ. ನಾ ಅವರಿಗೆ ಹೇಳಿದ್ದು, ಧಾರವಾಡದ ಲೈನ್ ಬಝಾರಕ್ಕ ಹೋಗಿ ಪೇಡೆ ತಗೊಂಡು ಬರ್ರಿ, ಜಿಮ್ಮಿನ ಮಂದಿಗೆ ಬೇಕಾದ್ರ ಉಪ್ಪು ಮೆಣಸಿನ ಜೋಳದ ಅಳ್ಳು ಕೊಡ್ರಿ, ರ‍್ಯಾಕಿನ ಕೆಳಗಿನ ಸಾಲಿನ್ಯಾಗ ಇರ್ತೈತಿ, ಬಗ್ಗಿ ನೋಡ್ಬೇಕು.